ಗ್ಯಾರೇಜಿನ ಲೋಟ

ಲೋಟದ ತಳದಲ್ಲಿ ಕೆಂಪು ನೇಲ್ ಪಾಲಿಶಿನ ಚುಕ್ಕೆ ಇನ್ನೂ ಹಾಗೇ ಇತ್ತು. ಪಕ್ಕದ ಮನೆ ಮಾರಾಟವಾಗಿ, ತೀರಿಕೊಂಡ ಆಂಟಿಯ ಮಗ ಮನೆಯ ಮುಂದಿನ ಡ್ರೈವ್‌ವೇಯಲ್ಲಿ ಮಡಚುವ ಮೇಜುಗಳನ್ನು ಹಾಕಿ ಮನೆಯ ಸಾಮಾನನ್ನೆಲ್ಲ ಮಾರಲು ಇಟ್ಟಿದ್ದ. ಇಡ್ಲಿ ಸ್ಟ್ಯಾಂಡು, ಚಕ್ಕುಲಿ ಒರಳು, ಚಕ್ರ ಮುರಿದ ಸೂಟ್‌ಕೇಸುಗಳು, ಹಿಮ ಎತ್ತುವ ಸಲಿಕೆ, ಇವೆಲ್ಲದರ ನಡುವೆ ಒಂಟಿಯಾಗಿ ಈ ಸ್ಟೀಲ್ ಲೋಟ. ಅದೇ ಲೋಟ ಎಂದು ದೂರದಿಂದಲೇ ಗೊತ್ತಾಯಿತು. ಆದರೂ ಎತ್ತಿ, ಮಗುಚಿ ನೋಡಿದೆ. ಚುಕ್ಕೆಯ ಒಂದು ಅಂಚು ಎದ್ದು ಬಂದಿತ್ತು, ಅಷ್ಟೇ.

ಅಮೆರಿಕದ ಈ ಕಡೆಯ ನಮ್ಮ ಮನೆಗಳಲ್ಲಿ ಪಾತ್ರೆಗೆ ನೇಲ್ ಪಾಲಿಶ್ ಹಚ್ಚುವುದು ಹೊಸ ಸಂಗತಿಯಲ್ಲ. ಪಾಟ್‌ಲಕ್ ಊಟಕ್ಕೆ ಎಲ್ಲರೂ ಒಂದೊಂದು ಅಡುಗೆ ಹೊತ್ತು ತರುತ್ತಾರೆ, ಕೊನೆಗೆ ಯಾರ ಪಾತ್ರೆ ಯಾರ ಕಾರಿನಲ್ಲಿ ಹೋಯಿತೆಂದು ತಿಳಿಯುವುದಿಲ್ಲ. ಅದಕ್ಕೇ ಒಬ್ಬೊಬ್ಬರದು ಒಂದೊಂದು ಬಣ್ಣ. ನನ್ನದು ನೀಲಿ. ಪಾತ್ರೆ ತಪ್ಪದೆ ಮನೆಗೆ ವಾಪಸ್ ಬರಲಿ ಎಂದು ನಾವು ಗುರುತು ಹಾಕುತ್ತೇವೆ. ಆಂಟಿ ಈ ಲೋಟಕ್ಕೆ ಗುರುತು ಹಾಕಿದ್ದು ಅದು ಅಪ್ಪಿತಪ್ಪಿಯೂ ಮನೆಯೊಳಗೆ ಬರಬಾರದು ಎಂದು. ಗ್ಯಾರೇಜಿನ ಶೆಲ್ಫಿನ ಮೇಲೆ, ಎಂಜಿನ್ ಆಯಿಲ್ ಡಬ್ಬದ ಪಕ್ಕ ಅದರ ಜಾಗ. ಅದರಲ್ಲಿ ನೀರು ಕುಡಿಯುತ್ತಿದ್ದ ಒಬ್ಬರ ನೆನಪಾಗಿ ನನ್ನ ಮೈ ಉರಿಯಿತು. ದುಃಖ ಆಮೇಲೆ ಬಂತು, ಮೊದಲು ಬಂದದ್ದು ಸಿಟ್ಟೇ.

ಸತ್ತವರ ಬಗ್ಗೆ ಕೆಟ್ಟ ಮಾತಾಡಬಾರದು ಎಂದು ನಮ್ಮ ಅಮ್ಮಿ ಹೇಳಿಕೊಟ್ಟಿದ್ದರು. ಆಂಟಿ ತೀರಿಕೊಂಡು ಇನ್ನೂ ವರ್ಷ ತುಂಬಿಲ್ಲ. ಅಮ್ಮಿಯ ಎಷ್ಟೋ ಮಾತು ಕೇಳಿದ್ದೇನೆ, ಇದೊಂದನ್ನು ಕೇಳಲಾರೆ.

ಆಂಟಿ ಮೈಸೂರಿನ ಅಗ್ರಹಾರದವರು, ನಾನು ಮಂಡಿ ಮೊಹಲ್ಲಾದವಳು. ನಮ್ಮಿಬ್ಬರ ತವರುಮನೆಗಳ ನಡುವೆ ಇದ್ದದ್ದು ಆಟೋದವನು ಮೀಟರ್ ಹಾಕಲೂ ಬೇಸರಪಡುವಷ್ಟು ದೂರ. ಆದರೂ ಅಲ್ಲೇ ಇದ್ದಿದ್ದರೆ ಸಾಯುವ ತನಕ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಇಲ್ಲಿ, ನ್ಯೂಜೆರ್ಸಿಯ ಮಾನ್ಮತ್ ಜಂಕ್ಷನ್ನಿನಲ್ಲಿ, ಯಾರೋ ಬಿಲ್ಡರ್ ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ಮನೆಗಳ ಸಾಲಿನಲ್ಲಿ ಅಕ್ಕಪಕ್ಕ ಬಂದು ಬಿದ್ದೆವು. ನಾವು ಮನೆಗೆ ಬಂದ ಮೊದಲ ವಾರವೇ ಆಂಟಿ ಬೇಲಿಯ ಹತ್ತಿರ ಬಂದು ವಿಚಾರಿಸಿದರು.

“ಮೈಸೂರಾ? ಹಾಗಾದ್ರೆ ನಮ್ಮವಳೇ ಬಿಡು. ಎಷ್ಟು ಚೆನ್ನಾಗಿ ಕನ್ನಡ ಮಾತಾಡ್ತೀಯೇ ನೀನು, ನಿಮ್ಮವರು ಅಂತ ಗೊತ್ತೇ ಆಗಲ್ಲ!”

ಮೈಸೂರಿನಲ್ಲಿ ಹುಟ್ಟಿ, ಮೈಸೂರಿನಲ್ಲಿ ಕನ್ನಡ ಶಾಲೆಗೆ ಹೋದವಳು ಕನ್ನಡ ಮಾತಾಡದೆ ಇನ್ನೇನು ಚೀನೀ ಭಾಷೆ ಮಾತಾಡಬೇಕೇ? ಹೊಗಳಿಕೆ ಎಂದುಕೊಂಡು ಹೇಳಿದರು, ಹೊಗಳಿಕೆ ಎಂದುಕೊಂಡು ನುಂಗಿದೆ. ನನ್ನನ್ನು ಅವರು ಯಾವತ್ತೂ ಬಾಗಿಲಿಂದ ವಾಪಸ್ ಕಳಿಸಲಿಲ್ಲ. ಮನೆಯ ಹಿಂದಿನ ಮರದ ಡೆಕ್ಕಿನ ಮೇಲೆ ಪ್ಲಾಸ್ಟಿಕ್ ಕುರ್ಚಿ ಹಾಕಿ ಕೂರಿಸಿ, ಪೇಪರ್ ಕಪ್ಪಿನಲ್ಲಿ ಘಮಘಮಿಸುವ ಕಾಫಿ ಕೊಡುತ್ತಿದ್ದರು. ಮಡಿಯವರಿಗೆ ಅಮೆರಿಕ ಕೊಟ್ಟ ದೊಡ್ಡ ವರ ಎಂದರೆ ಈ ಪೇಪರ್ ಕಪ್ಪು. ಯಾರಿಗೂ ನೋವಾಗುವುದಿಲ್ಲ, ಯಾರೂ ತೊಳೆಯಬೇಕಾಗಿಲ್ಲ. ಕುಡಿದ ಕಪ್ಪನ್ನು ನಾನೇ ಕಸದ ಬುಟ್ಟಿಗೆ ಹಾಕಿ ಬರುತ್ತಿದ್ದೆ.

ಅಂಕಲ್‌ಗೆ ಪಾರ್ಶ್ವವಾಯು ಹೊಡೆದ ವರ್ಷ ಆ ಮನೆಗೆ ಅಕ್ಕ ಬಂದರು. ಅಕ್ಕ ಎಂದರೆ ಸಂಬಂಧಿಕರಲ್ಲ. ಅಂಕಲ್ ಬಲಗಡೆಯ ಕೈಕಾಲು, ಮಾತು ಎರಡನ್ನೂ ಕಳೆದುಕೊಂಡಿದ್ದರು. ಮಗ ಬಾಸ್ಕಿಂಗ್ ರಿಡ್ಜಿನಲ್ಲಿದ್ದ, ದೊಡ್ಡ ಕಂಪನಿ, ದೊಡ್ಡ ಹುದ್ದೆ. ಅವನು ಏಜೆನ್ಸಿಗೆ ಹೇಳಿ ತಂದೆಯನ್ನು ನೋಡಿಕೊಳ್ಳಲು ಒಬ್ಬರನ್ನು ಗೊತ್ತುಮಾಡಿದ. ಬಂದವರು ಟ್ರೆಂಟನ್ನಿನ ಕಪ್ಪು ಹೆಂಗಸು, ನನಗಿಂತ ಹತ್ತು ವರ್ಷ ದೊಡ್ಡವರಿರಬಹುದು. ಎತ್ತರದ ಆಳು, ನಡೆಯುವಾಗ ಸ್ವಲ್ಪ ಒಂದು ಕಡೆಗೆ ವಾಲುತ್ತಿದ್ದರು. ವಯಸ್ಸಾದವರನ್ನು ಹೆಸರು ಹಿಡಿದು ಕರೆಯಲು ನನಗೆ ಈ ದೇಶ ಇವತ್ತಿಗೂ ಕಲಿಸಿಲ್ಲ. ನಮ್ಮ ಕಡೆ ದೊಡ್ಡ ಹೆಂಗಸರನ್ನು ಅಕ್ಕ ಎನ್ನುತ್ತೇವೆ, ನಿಮ್ಮನ್ನೂ ಹಾಗೇ ಕರೆಯಲೇ ಎಂದು ಕೇಳಿದೆ. ಅವರು ಜೋರಾಗಿ ನಕ್ಕರು.

“ಕರೀರಿ. ಇದಕ್ಕಿಂತ ಕೆಟ್ಟ ಹೆಸರಲ್ಲೆಲ್ಲ ಕರೆಸಿಕೊಂಡಿದ್ದೀನಿ.”

ಆಂಟಿ ಮಾತ್ರ ಅವರನ್ನು ಕರೆಯುತ್ತಲೇ ಇರಲಿಲ್ಲ. ನನ್ನ ಹತ್ತಿರ ಹೇಳುವಾಗ ‘ಅವಳು’, ಫೋನಿನಲ್ಲಿ ಮೈಸೂರಿನ ತಂಗಿಗೆ ಹೇಳುವಾಗ ‘ನಮ್ಮನೆ ಕರಿಯವಳು’. ಎದುರಿಗೆ ಬಂದರೆ ಹಲೋ, ಹಲೋ ಎಂದು ಎರಡು ಸಲ, ಕಾಗೆ ಓಡಿಸುವವರ ಹಾಗೆ.

ಆ ಮನೆಯ ಏರ್ಪಾಡು ಹೀಗಿತ್ತು. ಅಕ್ಕ ಅಂಕಲ್‌ಗೆ ಸ್ನಾನ ಮಾಡಿಸಬಹುದು, ಒಳಬಟ್ಟೆ ಬದಲಾಯಿಸಬಹುದು, ಎರಡು ತೋಳಲ್ಲಿ ಅವುಚಿ ಹಾಸಿಗೆಯಿಂದ ಗಾಲಿಕುರ್ಚಿಗೆ ಎತ್ತಿ ಕೂರಿಸಬಹುದು, ಬಾಯಿಂದ ಸೋರಿದ ಗಂಜಿ ಒರೆಸಬಹುದು. ಅಡುಗೆಮನೆಯ ಹೊಸ್ತಿಲು ಮಾತ್ರ ದಾಟುವಂತಿಲ್ಲ. ಫ್ರಿಜ್ ಮುಟ್ಟುವಂತಿಲ್ಲ. ಬಾಯಾರಿಕೆಯಾದರೆ ಗ್ಯಾರೇಜಿನಲ್ಲಿ ನೀರಿನ ಕ್ಯಾನಿದೆ, ಚುಕ್ಕೆಯ ಲೋಟ ಇದೆ. ದಿನಾ ಬರುವವರಿಗೆ ಪೇಪರ್ ಕಪ್ಪು ಪೂರೈಸುವುದಿಲ್ಲವಂತೆ. ಊಟ ಕಾರಿನಲ್ಲಿ. ಅಕ್ಕನ ಡಬ್ಬಿಯಲ್ಲಿ ಕೋಳಿಯೋ ಮತ್ತೊಂದೋ ಇರುತ್ತದೆ, ಅದರ ವಾಸನೆ ಒಳಗೆ ಬರಬಾರದು ಎಂದರು ಆಂಟಿ. ಅಕ್ಕ ಬರೀ ಸೊಪ್ಪು ಬ್ರೆಡ್ಡು ತರಲು ಶುರುಮಾಡಿದರು. ಆಮೇಲೂ ಊಟ ಕಾರಿನಲ್ಲೇ.

ಅಂಕಲ್‌ರನ್ನು ಮುಟ್ಟಬಹುದಾದರೆ ಲೋಟ ಮುಟ್ಟಿದರೇನು ಎಂದು ಒಂದು ದಿನ ಕೇಳಿಯೇಬಿಟ್ಟೆ. ಆಂಟಿಗೆ ಒಂಚೂರೂ ಕಸಿವಿಸಿಯಾಗಲಿಲ್ಲ. “ರೋಗಿಗೆ ಮಡಿ ಇಲ್ಲ ಕಣೇ” ಎಂದರು. ಎಷ್ಟು ಅನುಕೂಲದ ಶಾಸ್ತ್ರ ನೋಡಿ. ಹೇಸಿಗೆ ಬಾಚುವ ಕೆಲಸಕ್ಕೆ ಅದು ಬಾಗಿಲು ತೆಗೆಯುತ್ತದೆ, ಊಟದ ಹೊತ್ತಿಗೆ ಸರಿಯಾಗಿ ಮುಚ್ಚಿಕೊಳ್ಳುತ್ತದೆ.

ಅಕ್ಕ ಇದನ್ನೆಲ್ಲ ಯಾಕೆ ಸಹಿಸಿಕೊಂಡಿದ್ದರು ಎಂದರೆ, ಮಗಳಿಗಾಗಿ. ಮಗಳು ಆಗ ಮಿಡಲ್ ಸ್ಕೂಲಿನಲ್ಲಿದ್ದಳು. ಅವಳು ಶಾಲೆಯಿಂದ ಬರುವ ಹೊತ್ತಿಗೆ ತಾನು ಮನೆಯಲ್ಲಿರಬೇಕು, ಅವಳನ್ನು ಒಬ್ಬಳನ್ನೇ ತಮ್ಮ ಟ್ರೆಂಟನ್ನಿನ ಬೀದಿಗೆ ಬಿಡಬಾರದು, ಅಕ್ಕನ ಬದುಕೆಲ್ಲ ಈ ಒಂದು ಮಾತಿನ ಸುತ್ತ ತಿರುಗುತ್ತಿತ್ತು. ಹಗಲು ಹೊತ್ತಿನ ಕೆಲಸ ಈ ಏಜೆನ್ಸಿಯಲ್ಲಿ ಸಿಗುವುದು ಕಷ್ಟ, ಸಿಕ್ಕಿದ್ದನ್ನು ಹಲ್ಲು ಕಚ್ಚಿ ಹಿಡಿದುಕೊಂಡಿದ್ದರು. ನಮ್ಮ ಮನೆಗೆ ಬಂದು ಊಟ ಮಾಡಿ ಎಂದು ನಾನು ಎಷ್ಟು ಸಲ ಕರೆದರೂ ಬರಲಿಲ್ಲ. ಅಂಕಲ್ ಸದ್ದು ಮಾಡಿದರೆ ಕೇಳಿಸಬೇಕು, ಏಜೆನ್ಸಿಯ ರೂಲು ಎಂದರು. ಆಮೇಲೆ ಕಾರಿನ ಗಾಜು ಇಳಿಸಿಕೊಂಡು ಹೇಳಿದರು.

“ನಮ್ಮಜ್ಜಿ ಪ್ರಿನ್ಸ್‌ಟನ್ನಲ್ಲಿ ಬಿಳಿಯರ ಮನೆ ಕೆಲಸ ಮಾಡ್ತಿದ್ಲು. ಹಿಂದಿನ ಮೆಟ್ಟಿಲ ಮೇಲೆ ಕೂತು ತಿನ್ನೋದು. ನನಗೆ ನೋಡಿ, ಹೀಟರ್ ಇದೆ, ರೇಡಿಯೋ ಇದೆ. ಎಷ್ಟು ಮುಂದುವರಿದಿದ್ದೀವಿ!”

ನಗುತ್ತಲೇ ಹೇಳಿದರು. ನನಗೆ ನಗಲಾಗಲಿಲ್ಲ. ನಮ್ಮಮ್ಮಿಯ ಅಮ್ಮ ಕೂಡ ದೊಡ್ಡವರ ಮನೆಗಳಿಗೆ ಬಟ್ಟೆ ಹೊಲಿದು ಕೊಡುತ್ತಿದ್ದವಳು, ಕೂಲಿಯನ್ನು ಅವಳ ಕೈಗೆ ಮೇಲಿಂದ ಹಾಕುತ್ತಿದ್ದರಂತೆ...

ಆಂಟಿಗೆ ಅವಮಾನ ಎಂದರೇನು ಎಂದು ಗೊತ್ತಿರಲಿಲ್ಲವೆಂದಲ್ಲ. ಒಂದು ಸಲ ಅಂಗಡಿಯಲ್ಲಿ ಬಿಳಿ ಹೆಂಗಸೊಬ್ಬಳು ಇವರ ಸೀರೆ, ಕುಂಕುಮ ನೋಡಿ, ನಿಮ್ಮ ದೇಶಕ್ಕೆ ವಾಪಸ್ ಹೋಗಿ ಎಂದಳಂತೆ. ಆಂಟಿ ವಾರವಿಡೀ ಅತ್ತರು. ನನ್ನನ್ನು ಡೆಕ್ಕಿಗೆ ಕರೆದು ಮೂಗೊರೆಸಿಕೊಳ್ಳುತ್ತ ಹೇಳಿದರು, “ನಾಯಿ ಥರ ನೋಡಿದ್ಲು ಕಣೇ. ಮನುಷ್ಯರನ್ನ ಹಾಗೆ ನೋಡಬಹುದಾ?” ನಾನು ಪೇಪರ್ ಕಪ್ಪನ್ನು ಕೈಯಲ್ಲಿ ಹಿಡಿದುಕೊಂಡು ಕೇಳಿಸಿಕೊಂಡೆ. ಅದೇ ಹೊತ್ತಿಗೆ ಡ್ರೈವ್‌ವೇಯಲ್ಲಿ ಅಕ್ಕನ ಕಾರಿನ ಎಂಜಿನ್ ಗುರುಗುಟ್ಟುತ್ತಿತ್ತು. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ.

ಅಗ್ರಹಾರದವರನ್ನು ಮಾತ್ರ ಬೈಯುತ್ತಿದ್ದೇನೆ, ನಮ್ಮವರೇನೋ ಭಾರೀ ಎಂದು ಯಾರೂ ತಿಳಿಯುವುದು ಬೇಡ. ದೇವರ ಮುಂದೆ ಎಲ್ಲರೂ ಸಮ ಎಂದು ಶುಕ್ರವಾರ ಹೆಗಲಿಗೆ ಹೆಗಲು ತಾಗಿಸಿ ನಿಲ್ಲುವ ನಮ್ಮ ಗಂಡಸರು, ಶನಿವಾರದ ದಾವತ್ತಿನಲ್ಲಿ ಬಿರಿಯಾನಿ ಮೆಲ್ಲುತ್ತ, ಆ ಏರಿಯಾ ಬೇಡ ಭಾಯಿ, ಅಲ್ಲೆಲ್ಲ ಕಾಲೇ ಲೋಗ್ ಎನ್ನುತ್ತಾರೆ. ಅದೇ ಕಪ್ಪು ಜನರಲ್ಲಿ ಎಷ್ಟೋ ಮಂದಿ ಮಸೀದಿಯಲ್ಲಿ ಅವರ ಪಕ್ಕದಲ್ಲೇ ನಿಂತಿರುತ್ತಾರೆ. ಮಗಳು ಅಂಥವನನ್ನು ಇಷ್ಟಪಟ್ಟರೆ ಮಾತ್ರ ಮನೆಯಲ್ಲಿ ಮೂರು ದಿನ ಒಲೆ ಹಚ್ಚುವುದಿಲ್ಲ.

ಇಲ್ಲಿನ ನಮ್ಮ ಜನಕ್ಕೆ ಒಂದು ಮಾತು ಸಿಕ್ಕಿದೆ, ‘ಒಳ್ಳೆ ಸ್ಕೂಲ್ ಡಿಸ್ಟ್ರಿಕ್ಟ್’. ಮನೆ ಹುಡುಕುವಾಗ ಎಲ್ಲರ ಬಾಯಲ್ಲೂ ಅದೇ ಜಪ. ಆ ಡಿಸ್ಟ್ರಿಕ್ಟಿನಲ್ಲಿ ಯಾರು ಇರುತ್ತಾರೆ, ಯಾರು ಇರುವುದಿಲ್ಲ ಎಂಬುದನ್ನು ಬಾಯಿಬಿಟ್ಟು ಹೇಳುವ ಕಷ್ಟವೇ ಇಲ್ಲ. ನ್ಯೂಯಾರ್ಕಿಗೆ ಕಮ್ಯೂಟ್ ಮಾಡುವವರು ರೈಲು ದಾರಿಯಲ್ಲಿ ಕಪ್ಪು ಜನ ಹೆಚ್ಚಿರುವ ನ್ಯೂಅರ್ಕ್ ಸ್ಟೇಷನ್ನಿನಲ್ಲಿ ನಿಂತಾಗ ಲ್ಯಾಪ್‌ಟಾಪ್ ಬ್ಯಾಗನ್ನು ತೊಡೆಯ ಮೇಲೆ ಎಳೆದುಕೊಳ್ಳುತ್ತಾರೆ. ಟ್ರೆಂಟನ್ನಿನಲ್ಲಿ ಸಿಗ್ನಲ್ ಬಿದ್ದರೆ ಕಾರಿನ ಬಾಗಿಲುಗಳು ಟಕ್ ಎಂದು ಲಾಕ್ ಆಗುತ್ತವೆ, ಹಿಂದೆ ಕೂತ ಮಗು ಅದನ್ನು ಕೇಳಿಸಿಕೊಂಡು ಪಾಠ ಕಲಿಯುತ್ತದೆ. ಒಳ್ಳೆ ಸ್ಕೂಲಿನಲ್ಲಿ ಕಲಿಯದ ಪಾಠ ಅದು. ಆ ಮಕ್ಕಳೇ ಅಲ್ಲಿನವರ ಹಾಡು ಹಾಕಿಕೊಂಡು, ಅಲ್ಲಿನವರ ಶೂ ಹಾಕಿಕೊಂಡು, ಅಲ್ಲಿನವರ ಹಾಗೆ ಕೈ ಆಡಿಸುತ್ತ ಮಾಲಿನಲ್ಲಿ ತಿರುಗುವಾಗ ಅಪ್ಪ ಅಮ್ಮಂದಿರಿಗೆ ಏನೂ ಅನ್ನಿಸುವುದಿಲ್ಲ. ಹಾಡು ಮನೆಯೊಳಗೆ ಬರಬಹುದು, ಹಾಡಿದವನು ಬರುವಂತಿಲ್ಲ.

ಅದೊಂದು ಜನವರಿಯ ದಿನ. ಹಿಂದಿನ ರಾತ್ರಿ ಬಿದ್ದ ಹಿಮ ರಸ್ತೆಯ ಅಂಚಿನಲ್ಲಿ ಬೂದು ಬಣ್ಣಕ್ಕೆ ತಿರುಗಿತ್ತು. ಅಂಕಲ್ ತಂದೆಯ ಶ್ರಾದ್ಧ. ಅಂಕಲ್ ಪರವಾಗಿ ಮಗ ಕೂರಬೇಕಿತ್ತು, ಓಲ್ಡ್ ಬ್ರಿಡ್ಜ್ ಎಂಬ ಊರಿನಿಂದ ಪುರೋಹಿತರನ್ನು ಕರೆದುಕೊಂಡು ಮಧ್ಯಾಹ್ನದ ಹೊತ್ತಿಗೆ ಬರುವವನಿದ್ದ. ಆಂಟಿ ಬೆಳಗಿನಿಂದಲೇ ಮಡಿಯುಟ್ಟು ಅಡುಗೆಗೆ ನಿಂತಿದ್ದರು. ಅಕ್ಕ ಬಂದು ಅಂಕಲ್‌ರ ಸ್ನಾನ ಮುಗಿಸಿ, ಮುಂದಿನ ಕೋಣೆಯ ಕಿಟಕಿಯ ಪಕ್ಕ ಗಾಲಿಕುರ್ಚಿಯಲ್ಲಿ ಕೂರಿಸಿದ್ದೇ ತಡ, ಪುರೋಹಿತರು ಬಂದು ಹೋಗುವ ತನಕ ಹೊರಗಿರು ಎಂದು ಆಂಟಿ ಹೇಳಿದರಂತೆ. ಡ್ರೈವ್‌ವೇ ಪುರೋಹಿತರನ್ನು ಕರೆತರುವ ಮಗನ ಕಾರಿಗೆ ಬೇಕು. ಹಾಗಾಗಿ ಅಕ್ಕ ತಮ್ಮ ಕಾರನ್ನು ರಸ್ತೆಗೆ ತಂದು, ಎರಡು ಮನೆ ಆಚೆ ನಿಲ್ಲಿಸಿಕೊಂಡು, ಎಂಜಿನ್ ಆನ್ ಇಟ್ಟು ಕೂತರು. ಅಲ್ಲಿಂದಲೂ ಅಂಕಲ್ ಕೂತ ಕಿಟಕಿ ಕಾಣಿಸುತ್ತಿತ್ತು.

ನಾನು ಔಷಧ ಕಂಪನಿಯೊಂದರ ಕ್ವಾಲಿಟಿ ವಿಭಾಗದಲ್ಲಿ ಇದ್ದೇನೆ, ಬಹುಪಾಲು ಕೆಲಸ ಮನೆಯಿಂದಲೇ. ಮಹಡಿಯ ಮೇಲೆ ರಸ್ತೆಗೆ ಮುಖ ಮಾಡಿದ ಕೋಣೆ. ಮೀಟಿಂಗಿನಲ್ಲಿದ್ದಾಗ ಫೋನು ಗುಂಯ್‌ಗುಟ್ಟಿತು, ನಮ್ಮ ಬೀದಿಯ ವಾಟ್ಸ್ಯಾಪ್ ಗುಂಪು. ಅನುಮಾನಾಸ್ಪದ ಕಾರು, ತಲೆಗೆ ಹುಡ್ ಹಾಕಿಕೊಂಡ ಬ್ಲ್ಯಾಕ್ ವ್ಯಕ್ತಿ, ಬೆಳಗಿನಿಂದ ಮನೆಗಳನ್ನು ನೋಡುತ್ತ ಕೂತಿದೆ, ಯಾರಿಗಾದರೂ ಗೊತ್ತೇ? ಕೊನೆಯಲ್ಲಿ ಎರಡು ಕೈಮುಗಿದ ಚಿತ್ರ. ಆ ಕಾರು ದಿನಾ ಬರುತ್ತಿತ್ತು, ದಿನಾ ಹೋಗುತ್ತಿತ್ತು. ಅಷ್ಟು ದಿನ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಡ್ರೈವ್‌ವೇಯಲ್ಲಿದ್ದಾಗ ಅದು ಕೆಲಸದವರ ಕಾರು, ರಸ್ತೆಗಿಳಿದಾಗ ಕಳ್ಳರ ಕಾರು. ನಾನು ಉತ್ತರ ಬರೆಯಲು ಫೋನು ಎತ್ತಿಕೊಳ್ಳುವಷ್ಟರಲ್ಲಿ ಪೊಲೀಸರ ನೀಲಿ ದೀಪ ನನ್ನ ಗೋಡೆಯ ಮೇಲೆ ತಿರುಗತೊಡಗಿತ್ತು.

ಕಿಟಕಿಯಿಂದ ನೋಡಿದೆ. ಪೊಲೀಸನು ಇನ್ನೂ ತನ್ನ ಕಾರಿನಿಂದ ಇಳಿಯುತ್ತಿದ್ದ. ಅಕ್ಕ ತೊಡೆಯ ಮೇಲಿನ ಡಬ್ಬಿಯನ್ನು ಪಕ್ಕಕ್ಕಿಟ್ಟು, ಯಾರೂ ಹೇಳುವ ಮೊದಲೇ, ಎರಡೂ ಕೈಗಳನ್ನು ಎತ್ತಿ ಸ್ಟಿಯರಿಂಗ್ ಚಕ್ರದ ಮೇಲೆ ಇಟ್ಟರು. ಕೈಯಲ್ಲಿ ಏನೂ ಇಲ್ಲವೆಂದು ಪೊಲೀಸನಿಗೆ ಕಾಣುವಂತೆ ಬೆರಳುಗಳನ್ನು ಅಗಲಿಸಿ. ಎಷ್ಟು ಸಲೀಸಾಗಿ ಇಟ್ಟರು ಎಂದರೆ, ನಾವು ಕಾರು ಹತ್ತಿದೊಡನೆ ಬೆಲ್ಟ್ ಹಾಕಿಕೊಳ್ಳುವ ಹಾಗೆ...

ನಾನು ಮೆಟ್ಟಿಲಿಳಿದು, ಕೈಗೆ ಸಿಕ್ಕ ಚಪ್ಪಲಿ ಮೆಟ್ಟಿಕೊಂಡು ಓಡಿದೆ. ಅಷ್ಟರಲ್ಲಿ ಅಕ್ಕನನ್ನು ಕೆಳಗಿಳಿಸಿ, ಕೈಗಳನ್ನು ಕಾರಿನ ಮೇಲೆ ಊರಿಸಿ ನಿಲ್ಲಿಸಿದ್ದರು. ಅವರ ಪರ್ಸು, ಏಜೆನ್ಸಿಯ ಬ್ಯಾಡ್ಜು, ಅರ್ಧ ತಿಂದ ಬ್ರೆಡ್ಡು ಎಲ್ಲ ಬಾನೆಟ್ ಮೇಲೆ ಹರಡಿ ಬಿದ್ದಿದ್ದವು. ಬ್ಯಾಡ್ಜು ಯಾರು ಬೇಕಾದರೂ ಮಾಡಿಸಿಕೊಳ್ಳಬಹುದಂತೆ. ಆ ಮನೆಯಲ್ಲಿ ಕೆಲಸ ಮಾಡುತ್ತೇನೆ, ಅವರನ್ನೇ ಕೇಳಿ ಎಂದು ಅಕ್ಕ ಹೇಳಿದ್ದರು. ಒಬ್ಬ ಪೊಲೀಸನು ಕೇಳಲು ಹೋದ.

ಅವನು ಬೆಲ್ ಒತ್ತಿದ್ದನ್ನು ನಾನು ನೋಡಿದೆ. ಬಾಗಿಲಿನ ಪಕ್ಕದ ಉದ್ದನೆಯ ಗಾಜಿನಲ್ಲಿ ಆಂಟಿಯ ಮುಖ ಕಾಣಿಸಿತು. ಅವರು ಪೊಲೀಸನನ್ನು ನೋಡಿದರು. ಅವನ ಹೆಗಲಾಚೆ ರಸ್ತೆಯನ್ನು ನೋಡಿದರು, ಅಕ್ಕನನ್ನೂ ನೋಡಿದರು, ನನ್ನನ್ನೂ ನೋಡಿದರು. ನೋಡಿ, ಸೀರೆಯ ಅಂಚನ್ನು ಗೋಡೆಗೆ ತಾಗದಂತೆ ಒತ್ತಿ ಹಿಡಿದುಕೊಂಡು, ತಿರುಗಿ ಒಳಗೆ ಹೋದರು. ಪೊಲೀಸನು ಮತ್ತೆ ಬೆಲ್ ಒತ್ತಿದ. ಯಾರೂ ಬರಲಿಲ್ಲ.

ಬಾಗಿಲಿನ ಹಿಡಿ ಮುಟ್ಟಿದರೆ ಮಡಿ ಹೋಗುತ್ತಿತ್ತು, ಸರಿ. ಗಾಜಿನ ಆಚೆ ನಿಂತುಕೊಂಡೇ ಒಂದು ಮಾತು ಕೂಗಬಹುದಿತ್ತು. ಹೌದು, ಅವಳು ನಮ್ಮವಳು. ಬಾಯಿಂದ ಬಂದ ಮಾತಿಗೆ ಮೈಲಿಗೆ ಇಲ್ಲ. ಆ ಒಂದು ಮಾತನ್ನು ಅವರು ಒಳಗೆ ಒಯ್ದು, ಒಲೆಯ ಮುಂದೆ ನಿಂತು, ಎಳ್ಳಿನ ಜೊತೆ ಹುರಿದರು.

ಹೊರಗೆ ನಾನು ಕೂಗುತ್ತಿದ್ದೆ. ಇವರು ನನಗೆ ಗೊತ್ತು, ದಿನಾ ಬರುತ್ತಾರೆ, ಅಲ್ಲಿ ಕಾಯಿಲೆಯವರನ್ನು ನೋಡಿಕೊಳ್ಳುತ್ತಾರೆ. ಎಳೆಯ ಪೊಲೀಸನೊಬ್ಬ ನನ್ನತ್ತ ಅಂಗೈ ತೋರಿಸಿ, ನೀವು ಆ ಮನೆಯವರಾ ಎಂದು ಕೇಳಿದ. ಅಲ್ಲ ಎಂದೆ. ಹಾಗಾದರೆ ಹಿಂದೆ ನಿಲ್ಲಿ ಮೇಡಂ ಎಂದ. ಆ ಮನೆಯ ಯಜಮಾನಿಯೇ ನೋಡಿ ಒಳಗೆ ಹೋದ ಮೇಲೆ ತಲೆಗೆ ಸ್ಕಾರ್ಫ್ ಸುತ್ತಿದ ಪಕ್ಕದ ಮನೆಯವಳ ಮಾತಿಗೆ ಏನು ಬೆಲೆ?

ಆಗ ಆ ಮನೆಯ ಮುಂದಿನ ಕಿಟಕಿ ಧಡ್ ಧಡ್ ಎನ್ನತೊಡಗಿತು. ಅಂಕಲ್. ಸರಿಯಿದ್ದ ಎಡಗೈಯಿಂದ ಗಾಜನ್ನು ಬಡಿಯುತ್ತಿದ್ದರು. ಬಾಯಿ ತೆರೆದಿತ್ತು, ಮುಖ ಕೆಂಪಾಗಿತ್ತು, ಮಾತು ಬರುತ್ತಿರಲಿಲ್ಲ. ಅವರ ಹಿಂದೆ ಆಂಟಿ ಬಂದು ನಿಂತದ್ದು ಕಾಣಿಸಿತು. ಕೈ ಆಡಿಸಿ ಏನೋ ಗದರುತ್ತಿದ್ದರು, ಕುರ್ಚಿಯನ್ನು ಹಿಂದಕ್ಕೆ ಎಳೆಯಲಿಲ್ಲ. ಎಳೆಯುವ ಹಾಗೂ ಇರಲಿಲ್ಲ. ಅಂಕಲ್‌ರನ್ನು ಬೆಳಿಗ್ಗೆ ಅಕ್ಕ ಮುಟ್ಟಿದ್ದರಲ್ಲ, ಆಂಟಿ ಮಡಿಯಲ್ಲಿದ್ದರು. ಹಾಗಾಗಿ ಅಂಕಲ್ ಬಡಿಯುತ್ತಲೇ ಇದ್ದರು. ಆ ಬೀದಿಯಲ್ಲಿ ಅಕ್ಕನ ಪರವಾಗಿ ಸಾಕ್ಷಿ ಹೇಳಿದ ಮನೆಯವರು ಅವರೊಬ್ಬರೇ. ಪೊಲೀಸನು ಆ ಕಡೆ ಒಮ್ಮೆ ನೋಡಿ, ಯಾರೋ ಬುದ್ಧಿ ಸ್ವಾಧೀನವಿಲ್ಲದ ಮುದುಕ ಎಂದುಕೊಂಡನೋ ಏನೋ, ಮುಖ ತಿರುಗಿಸಿದ.

ಕೊನೆಗೆ ಮಗನ ಕಾರು ಬಂತು. ಅವನು ಇಳಿದು, ಆಫೀಸಿನ ಇಂಗ್ಲಿಷಿನಲ್ಲಿ ಎರಡು ಮಾತಾಡಿದ, ಎಲ್ಲ ಮುಗಿಯಿತು. ನಿಮಗೆ ತೊಂದರೆಯಾಯಿತು, ಕ್ಷಮಿಸಿ ಎಂದು ಪೊಲೀಸರ ಕೈ ಕುಲುಕಿದ. ಪೊಲೀಸರನ್ನು! ಅಕ್ಕನ ಕೈ ಇನ್ನೂ ಕಾರಿನ ತಗಡಿನ ಮೇಲೇ ಇತ್ತು. ಅಷ್ಟರಲ್ಲಿ ಒಳಗಿನಿಂದ ಆಂಟಿಯ ದನಿ ಬಂತು. ಹೌದು, ಈಗ ದನಿ ಬಂತು.

“ಪುರೋಹಿತರು ಬಂದ್ರೇನೋ? ಒಳಗೆ ಕರ್ಕೊಂಡು ಬಾರೋ, ಹೊತ್ತು ಮೀರುತ್ತೆ!”

ಅಕ್ಕ ಬಾನೆಟ್ ಮೇಲಿನ ಸಾಮಾನನ್ನು ಒಂದೊಂದಾಗಿ ಪರ್ಸಿಗೆ ಹಾಕಿಕೊಂಡರು. ನಾನು ಬ್ರೆಡ್ಡಿನ ಡಬ್ಬಿ ಮುಚ್ಚಿ ಕೊಟ್ಟೆ. ಅವರು ಕಿಟಕಿಯ ಕಡೆ ತಿರುಗಿ ಅಂಕಲ್‌ಗೆ ಕೈಯೆತ್ತಿ ತೋರಿಸಿದರು, ನಾನು ಚೆನ್ನಾಗಿದ್ದೇನೆ ಎನ್ನುವ ಹಾಗೆ. ಆಮೇಲಷ್ಟೇ ಅಂಕಲ್ ಬಡಿಯುವುದನ್ನು ನಿಲ್ಲಿಸಿದರು. ಅಕ್ಕ ಕಾರು ಹತ್ತಿ ಹೊರಟುಹೋದರು. ಮತ್ತೆ ಆ ಬೀದಿಗೆ ಬರಲಿಲ್ಲ.

ಬರಲಿಲ್ಲ ಎಂದರೆ, ಬರಗೊಡಲಿಲ್ಲ. ಶ್ರಾದ್ಧದ ದಿನ ಮನೆಗೆ ಪೊಲೀಸರು ಬರುವ ಹಾಗಾಯಿತು, ಬೇರೆ ಯಾರನ್ನಾದರೂ ಕಳಿಸಿ ಎಂದು ಆಂಟಿ ಮಗನಿಂದ ಏಜೆನ್ಸಿಗೆ ಹೇಳಿಸಿದರು. ಸಾಧ್ಯವಾದರೆ ನಮ್ಮ ಕಡೆಯವರು ಎಂದೂ ಸೇರಿಸಿದರಂತೆ. ಬೀದಿಯ ಗುಂಪಿನಲ್ಲಿ, ‘ಥ್ಯಾಂಕ್ಯೂ ಎವ್ರಿವನ್ ಫಾರ್ ಸ್ಟೇಯಿಂಗ್ ವಿಜಿಲೆಂಟ್’ ಎಂದು ಯಾರೋ ಹಾಕಿದ್ದರು. ಆ ಕಾರು ನಮ್ಮ ಪಕ್ಕದ ಮನೆಯ ರೋಗಿಯನ್ನು ನೋಡಿಕೊಳ್ಳುವವರದು, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುವವರಿಗೆ ಇಷ್ಟು ದಿನ ಯಾಕೆ ಕಾಣಲಿಲ್ಲ ಎಂದು ಬರೆದೆ. ಅದಕ್ಕೂ ಒಬ್ಬ ಮಹಾಶಯ ಹೆಬ್ಬೆಟ್ಟು ಒತ್ತಿದ. ಗುಂಪು ಬಿಟ್ಟೆ.

ವಾರದ ಮೇಲೆ ಆಂಟಿ ಬೇಲಿಯ ಹತ್ತಿರ ಬಂದರು. “ಏನ್ ಮಾಡಲೇ, ಮಡಿಯಲ್ಲಿದ್ದೆ. ನೀನೇ ಹೇಳು, ಪಿತೃಕಾರ್ಯ ಕೆಡಿಸ್ಕೊಳಕ್ಕಾಗುತ್ತಾ?” ಎಂದರು. ಅವರ ದನಿಯಲ್ಲಿ ಅಳುಕು ಇರಲಿಲ್ಲ, ನನ್ನಿಂದ ಹೌದು ಎನ್ನಿಸಿಕೊಳ್ಳುವ ಆತುರ ಇತ್ತು. ಸತ್ತವರು ಉಪವಾಸ ಇರಬಾರದು ಎಂದು ಬದುಕಿದ್ದವರ ತುತ್ತು ಕಿತ್ತುಕೊಂಡಿರಿ ಆಂಟಿ ಎಂದೆ. ಅದು ನಾನು ಅವರ ಜೊತೆ ಆಡಿದ ಕೊನೆಯ ಮಾತು. ಆಮೇಲೆ ಅವರು ಬೀದಿಯಲ್ಲೆಲ್ಲ, ಎಷ್ಟಾದರೂ ಅವರ ಜಾತಿಯೇ ಹಾಗೆ ಎಂದು ನನ್ನ ಬಗ್ಗೆ ಹೇಳಿಕೊಂಡು ಬಂದದ್ದು ನನ್ನ ಕಿವಿಗೂ ಬಿತ್ತು. ಅಷ್ಟು ಚೆನ್ನಾಗಿ ಕನ್ನಡ ಮಾತಾಡುತ್ತಿದ್ದವಳು ಒಂದೇ ದಿನದಲ್ಲಿ ಬೇರೆ ಜಾತಿಯವಳಾದೆ.

ಅಕ್ಕನಿಗೆ ಫೋನು ಮಾಡಿದೆ. ಏಜೆನ್ಸಿಯವರು ನ್ಯೂಅರ್ಕಿನ ಒಂದು ನರ್ಸಿಂಗ್ ಹೋಮಿನ ಕೆಲಸಕ್ಕೆ ಹಾಕಿದ್ದರು, ರಾತ್ರಿ ಪಾಳಿ. ಮಗಳು ಒಬ್ಬಳೇ ಒಳಗಿನಿಂದ ಚಿಲಕ ಹಾಕಿಕೊಂಡು ಮಲಗುತ್ತಾಳೆ, ನಾನು ಬಿಡುವು ಸಿಕ್ಕಾಗಲೆಲ್ಲ ಫೋನು ಮಾಡಿ ಎಬ್ಬಿಸಿ ಬೈಸಿಕೊಳ್ಳುತ್ತೇನೆ ಎಂದರು. ಅಂಕಲ್ ಹೇಗಿದ್ದಾರೆ ಎಂದು ಕೇಳಿದರು. ನಿಮ್ಮನ್ನು ಹುಡುಕುತ್ತ ಕಿಟಕಿಯ ಹತ್ತಿರವೇ ಕೂತಿರುತ್ತಾರೆ ಎಂದೆ. ನಾನು ನಿಮ್ಮ ಮನೆಗೆ ಬಂದು ನೋಡುತ್ತೇನೆ, ಏನಾದರೂ ಸಹಾಯ ಬೇಕಾದರೆ... ಎಂದು ಶುರುಮಾಡಿದೆ. ಅವರು ತಡೆದರು.

“ನೀವು ಒಳ್ಳೆಯವರು. ಆದರೆ ಆ ಬೀದಿಯ ಯಾವ ನಂಬರೂ ನನ್ನ ಫೋನಲ್ಲಿ ಇರೋದು ಬೇಡ. ಬೇಜಾರು ಮಾಡ್ಕೋಬೇಡಿ.”

ಬೇಜಾರು ಮಾಡಿಕೊಳ್ಳಲು ನಾನು ಯಾರು? ಆ ಬೀದಿಯವಳೇ ತಾನೆ. ಆ ಬೇಸಿಗೆ ಬರುವ ಮೊದಲೇ ಅಂಕಲ್ ತೀರಿಕೊಂಡರು. ಅಕ್ಕನಿಗೆ ತಿಳಿಸಲು ಒಂದು ಮೆಸೇಜು ಕಳಿಸಿದೆ, ಅದು ಅವರಿಗೆ ತಲುಪಿತೋ ಇಲ್ಲವೋ ನನಗೆ ಗೊತ್ತಾಗಲಿಲ್ಲ.

ಮಾರಾಟದ ಮೇಜಿನ ಮುಂದೆ ಲೋಟ ಹಿಡಿದುಕೊಂಡು ನಾನು ಇದನ್ನೆಲ್ಲ ನೆನೆಯುತ್ತ ನಿಂತಿದ್ದೆ. ಇಡ್ಲಿ ಸ್ಟ್ಯಾಂಡಿನ ಕಡೆ ಕಣ್ಣು ಹೋಗಿ ಒಂದು ಗಳಿಗೆ ಲೋಟ ಕೆಳಗಿಟ್ಟೆನೋ ಇಲ್ಲವೋ, ಪಕ್ಕದಲ್ಲಿದ್ದ ಹೆಂಗಸು ಅದನ್ನು ಎತ್ತಿಕೊಂಡಳು. ಆ ಮನೆ ಕೊಂಡವಳು ಅವಳೇ, ಬೆಂಗಳೂರಿನವಳು, ಅತ್ತೆಯೂ ಜೊತೆಗೇ ಇರುತ್ತಾರಂತೆ. ಗಂಡನಿಗೆ ಲೋಟ ತೋರಿಸಿ ಹೇಳಿದಳು, “ರೀ, ಇದು ಸ್ಟ್ರಾಂಗ್ ಆಗಿದೆ. ಅಮ್ಮನ್ನ ನೋಡ್ಕೊಳ್ಳೋಕೆ ಏಡ್ ಬರ್ತಾಳಲ್ಲ, ಗ್ಯಾರೇಜಲ್ಲಿಟ್ರೆ ಅವಳಿಗೆ ಆಗುತ್ತೆ.”

ನಾನು ಕೈ ಚಾಚಿ ಲೋಟವನ್ನು ಅವಳ ಕೈಯಿಂದ ಕಿತ್ತುಕೊಂಡೆ. ಇದು ನನ್ನದು ಎಂದೆ. ಅವಳು ಗಾಬರಿಯಿಂದ ತಳದ ಚುಕ್ಕೆ ನೋಡಿ, “ಓ, ಸಾರಿ ಸಾರಿ, ಪಾಟ್‌ಲಕ್‌ಗೆ ಬಂದು ಉಳಿದುಬಿಟ್ಟಿತ್ತಾ?” ಎಂದು ನಕ್ಕಳು. ಆಂಟಿಯ ಮಗ ದೂರದಿಂದ ನೋಡುತ್ತಿದ್ದ. ಅವನಿಗೆ ಲೋಟ ಗೊತ್ತಿತ್ತು. ಸೂಟ್‌ಕೇಸುಗಳನ್ನು ಮತ್ತೆ ಸಾಲಾಗಿ ಜೋಡಿಸತೊಡಗಿದ.

ಕಿತ್ತುಕೊಂಡು ಸಾಧಿಸಿದ್ದೇನೂ ಇಲ್ಲ. ಇಲ್ಲಿನ ಇಂಡಿಯನ್ ಅಂಗಡಿಗಳಲ್ಲಿ ಸ್ಟೀಲ್ ಲೋಟಗಳಿಗೇನು ಬರ, ರಾಶಿ ಬಿದ್ದಿವೆ. ಇದು ನನ್ನ ಅಡುಗೆಮನೆಯ ಕಿಟಕಿಯಲ್ಲಿ ಕೂತಿದೆ. ನಾನು ಅದರಲ್ಲಿ ಕುಡಿಯುವುದಿಲ್ಲ, ಬೇರೆ ಯಾರಿಗೂ ಕೊಡುವುದಿಲ್ಲ. ಅದರಲ್ಲಿ ಕುಡಿದವರು ಒಂದು ದಿನ ಈ ಅಡುಗೆಮನೆಯ ಮೇಜಿನ ಮುಂದೆ ಕೂತು ಬೇರೆ ಲೋಟದಲ್ಲಿ ಚಹಾ ಕುಡಿಯಬೇಕಿತ್ತು, ಅದು ಆಗಲಿಲ್ಲ, ಇನ್ನು ಆಗುವುದೂ ಇಲ್ಲ. ಮಗಳು ಈಗ ಕಾಲೇಜಿಗೆ ಹೋಗುವ ವಯಸ್ಸಿನವಳಾಗಿರಬೇಕು. ಟ್ರೆಂಟನ್ನಿನ ಮೇಲೆ ಡ್ರೈವ್ ಮಾಡುವಾಗ ಎತ್ತರದ ಹೆಂಗಸೊಬ್ಬರು ಒಂದು ಕಡೆಗೆ ವಾಲುತ್ತ ನಡೆಯುತ್ತಿದ್ದರೆ ನನ್ನ ಕಾರು ತಾನಾಗಿ ನಿಧಾನವಾಗುತ್ತದೆ... ಅವರಲ್ಲ. ನಾನು ಕಳೆದುಕೊಂಡದ್ದು ಒಬ್ಬ ಸ್ನೇಹಿತೆಯನ್ನು. ಇಷ್ಟು ವರ್ಷ ಆ ಪದ ಬಳಸಲು ಹಿಂಜರಿದಿದ್ದೆ.

ಹೊಸಬರು ಪಕ್ಕದ ಮನೆಗೆ ಬಂದಿದ್ದಾರೆ. ಬಾಗಿಲಿಗೆ ತೋರಣ ಕಟ್ಟಿದ್ದಾರೆ, ನನಗೆ ಸಿಹಿ ಕೊಟ್ಟು ಹೋಗಿದ್ದಾರೆ, ಪೇಪರ್ ತಟ್ಟೆಯಲ್ಲಿ. ಮೊನ್ನೆ ಮಧ್ಯಾಹ್ನ ಕೆಲಸದ ನಡುವೆ ಕಿಟಕಿಯಾಚೆ ನೋಡಿದರೆ ಅವರ ಮನೆಯೆದುರು ರಸ್ತೆಯಲ್ಲಿ ಒಂದು ಕಾರು ನಿಂತಿತ್ತು. ಎಂಜಿನ್ ಓಡುತ್ತಿತ್ತು. ಒಳಗೆ ಕಪ್ಪು ಹೆಂಗಸೊಬ್ಬರು ತೊಡೆಯ ಮೇಲೆ ಡಬ್ಬಿ ಇಟ್ಟುಕೊಂಡು ಊಟ ಮಾಡುತ್ತಿದ್ದರು, ಇನ್ನೂ ಚಿಕ್ಕ ವಯಸ್ಸು. ನನ್ನ ಒಲೆಯ ಮೇಲೆ ಸಾರು ಬಿಸಿಯಾಗಿತ್ತು. ಒಳಗೆ ಬಂದು ಊಟ ಮಾಡಿ ಎಂದು ಕರೆಯೋಣವೆಂದು ಕೆಳಗಿಳಿದು, ರಸ್ತೆಗೆ ಬಂದು, ಕಾರಿನ ಗಾಜನ್ನು ಬೆರಳಿನಿಂದ ಮೆಲ್ಲಗೆ ತಟ್ಟಿದೆ. ಅವರು ಬೆಚ್ಚಿದರು. ಬಾಯಲ್ಲಿ ತುತ್ತು ಹಾಗೇ ಇತ್ತು. ನನ್ನ ಮುಖವನ್ನೂ ನೋಡದೆ, ಎರಡೂ ಕೈಗಳನ್ನು ಎತ್ತಿ ಸ್ಟಿಯರಿಂಗ್ ಚಕ್ರದ ಮೇಲೆ ಇಟ್ಟರು.